ಬಯಲಲ್ಲಿ ಮದುವೆ, ಅಲಂಕಾರವೆಲ್ಲ ನಮ್ಮ ಕೈಯಿಂದಲೇ: ಎಲ್ಲಿಂದ ಶುರು ಮಾಡಲಿ?

ಮರದಡಿ ಮದುವೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮದುವೆಗೆ ಇನ್ನು ನಾಲ್ಕು ತಿಂಗಳಿದೆ. ಹಾಲ್ ಬೇಡ ಅಂತ ಇಬ್ಬರೂ ಮೊದಲೇ ತೀರ್ಮಾನ ಮಾಡಿದ್ದೆವು. ಪರಿಚಯದವರೊಬ್ಬರ ತೋಟದ ಬಯಲು ಸಿಕ್ಕಿದೆ. ನಡುವೆ ಹುಲ್ಲು, ಒಂದು ಬದಿ ಸಾಲಾಗಿ ನಾಲ್ಕು ದೊಡ್ಡ ಮರ, ಇನ್ನೊಂದು ಬದಿ ಬೇಲಿ. ಬರುವವರು ಸುಮಾರು 120 ಜನ. ಸಂಜೆ 4ಕ್ಕೆ ಶುರು, 8ಕ್ಕೆ ಮುಗಿಸಬೇಕು ಅಂತಿದೆ.

ನಮ್ಮ ಆಸೆ ಇಷ್ಟೇ. ಯಾರೂ ಬಿಗಿಯಾಗಿ ಕೂತಿರಬಾರದು. ಮಕ್ಕಳು ಓಡಾಡಬೇಕು. ಬಣ್ಣ ಬೇಕು, ತುಂಬಾ ಬಣ್ಣ ಬೇಕು. ಅಲಂಕಾರದ ಒಂದು ಸಾಮಾನನ್ನೂ ಬಾಡಿಗೆಗೆ ತರಬಾರದು.

ಈಗ ಮಾಡಿಕೊಂಡಿರುವ ಪಟ್ಟಿ: 200 ಕಾಗದದ ಚೆಂಡು, 1000 ಕಾಗದದ ಕೊಕ್ಕರೆ, ಬಟ್ಟೆಯ ತೋರಣ, ಬಣ್ಣ ಬಳಿದ 60 ಬಾಟಲಿ, ಬಲೂನಿನ ಕಮಾನು, ಮರದಿಂದ ತಲೆಕೆಳಗಾಗಿ ತೂಗುವ ಬಣ್ಣದ ಕೊಡೆಗಳು, ಹೂವಿನ ಬಾಗಿಲು, ಕೈಯಲ್ಲಿ ಬರೆದ 120 ಹೆಸರಿನ ಚೀಟಿ. ಕೆಲಸಕ್ಕೆ ನಾನು, ಅವನು, ತಂಗಿ, ಅಮ್ಮ. ನಮ್ಮಿಬ್ಬರಿಗೂ ಆಫೀಸಿದೆ. ಆಗುತ್ತಾ?

ಹೊಲಿಗೆ ಮಿಷನ್:
ಮೊದಲು ಶುಭಾಶಯ. ಆಮೇಲೆ ಒಂದು ಲೆಕ್ಕ.

ಒಂದು ಕೊಕ್ಕರೆ ಮಡಚೋಕೆ ಕೈ ಪಳಗಿದ ಮೇಲೂ 3 ನಿಮಿಷ ಅಂತಿಟ್ಟುಕೊಳ್ಳಿ. ಸಾವಿರಕ್ಕೆ 50 ಗಂಟೆ. ಕಾಗದದ ಚೆಂಡು ಒಂದಕ್ಕೆ 12 ನಿಮಿಷ. ಇನ್ನೂರಕ್ಕೆ 40 ಗಂಟೆ. ಎರಡಕ್ಕೇ 90 ಗಂಟೆ ಹೋಯಿತು. ಪಟ್ಟಿಯಲ್ಲಿ ಇನ್ನೂ ಆರು ಬಾಕಿ ಇವೆ.

ನನ್ನ ಮದುವೆಗೆ ನಾನು 300 ಕಾಗದದ ಗುಲಾಬಿ ಮಾಡಿದ್ದೆ. ರಾತ್ರಿ ಹನ್ನೆರಡರ ತನಕ ಕೂತು ಮಾಡಿದ್ದು. ಈಗ ಫೋಟೋದಲ್ಲಿ ಹುಡುಕಿದರೂ ಸಿಗುವುದಿಲ್ಲ. ಕೋಣೆಯೊಳಗೆ ಅಂಗೈಯಗಲದ ಹೂವು ದೊಡ್ಡದಾಗಿ ಕಾಣುತ್ತದೆ. ಬಯಲಿಗೆ ತಂದಿಟ್ಟರೆ ಅದು ಚುಕ್ಕೆ. ಮರ, ಆಕಾಶ, ಹುಲ್ಲು, ಇವುಗಳ ಮುಂದೆ ಸಣ್ಣ ಸಾಮಾನು ಎಷ್ಟಿದ್ದರೂ ಕಣ್ಣಿಗೆ ಬೀಳೋದಿಲ್ಲ.

ಅದೇ ಮದುವೆಯಲ್ಲಿ ನಮ್ಮ ಅತ್ತೆ ಹಳೇ ಪರದೆ ಕತ್ತರಿಸಿ, ಒಂದು ಮಧ್ಯಾಹ್ನದಲ್ಲಿ ಹೊಲಿದುಕೊಟ್ಟ ತೋರಣ ಪ್ರತಿ ಫೋಟೋದಲ್ಲೂ ಇದೆ! ಹಾಗಾಗಿ ನನ್ನ ಮಾತು ಕೇಳಿದರೆ ಎರಡೇ ಕೆಲಸ ಇಟ್ಟುಕೊಳ್ಳಿ, ದೊಡ್ಡದಾಗಿ ಮಾಡಿ. ಒಂದು, ತಲೆಯ ಮೇಲೆ ತೋರಣ. ಎರಡು, ನೀವಿಬ್ಬರೂ ನಿಲ್ಲುವ ಜಾಗದ ಹಿಂದೆ ಏನಾದರೂ. ಉಳಿದದ್ದು ಆದರೆ ಆಯಿತು, ಆಗದಿದ್ದರೆ ಬಿಟ್ಟಿತು.

ಗುಬ್ಬಿಗೂಡು:
ಬಲೂನಿನ ಕಮಾನನ್ನು ಇವತ್ತೇ ಹೊಡೆದು ಹಾಕಿ ಅಕ್ಕ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಬ್ಬರ್ ಸೊರಗುತ್ತದೆ, ಒಂದೊಂದೇ ಠಪ್ ಠಪ್ ಅನ್ನುತ್ತದೆ. ಗಾಢ ಬಣ್ಣದವು ಮೊದಲು. ನಮ್ಮ ಅಣ್ಣನ ಮದುವೆಯಲ್ಲಿ ಗಂಡು ಹೆಣ್ಣು ಒಬ್ಬರಿಗೊಬ್ಬರು ಮಾತುಕೊಡುವ ಹೊತ್ತಿಗೆ ಸರಿಯಾಗಿ ನಾಲ್ಕು ಒಡೆದವು. ತೊಟ್ಟಿಲಲ್ಲಿದ್ದ ಮಗು ಕಿರುಚಿತು, ಉಳಿದ ಮಕ್ಕಳು ಅದಕ್ಕೆ ಜೊತೆಗೂಡಿದವು. ಮೇಲೆ ಆ ರಬ್ಬರಿನ ಚೂರು ಹುಲ್ಲಿನಿಂದ ಆರಿಸುವ ಕೆಲಸ ಬೇರೆ. ಹಕ್ಕಿ, ದನ ತಿಂದರೆ ಅವಕ್ಕೂ ತೊಂದರೆ.

ಕೊಡೆ ಮರೆತವರು:
ಕೊಡೆ ತೂಗುಹಾಕುವುದೂ ಬೇಡ. ತಲೆಕೆಳಗಾದ ಕೊಡೆ ಅಂದರೆ ಗಾಳಿಗೆ ಬಟ್ಟಲು ಹಿಡಿದ ಹಾಗೆ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನಾವು ಹನ್ನೆರಡು ಕಟ್ಟಿದ್ದೆವು. ಮೂರು ಪಕ್ಕದ ಹೊಲದಲ್ಲಿ ಸಿಕ್ಕವು. ಒಂದು ಇವತ್ತಿಗೂ ಸಿಕ್ಕಿಲ್ಲ. ನನ್ನ ಹೆಸರು ಬಂದದ್ದು ಅಲ್ಲಿಂದಲೇ.

ಮರದಡಿ ಮದುವೆ:
ಅಯ್ಯೋ, ಒಂದೇ ದಿನದಲ್ಲಿ ಅರ್ಧ ಪಟ್ಟಿ ಹೋಯಿತು! ಕೊಕ್ಕರೆ ಬಿಡೋಕೆ ಮನಸ್ಸಿಲ್ಲ, 140 ಆಗಲೇ ಮಡಚಿಟ್ಟಿದ್ದೇನೆ. ತೋರಣದ ಅಳತೆ ಯಾರಾದರೂ ಹೇಳ್ತೀರಾ? ಮರದಿಂದ ಮರಕ್ಕೆ ಹತ್ತು ಮೀಟರ್ ಇದೆ. ಆರು ಸಾಲು ಬೇಕು ಅನ್ನಿಸುತ್ತಿದೆ.

ಹೊಲಿಗೆ ಮಿಷನ್:
140 ಕೊಕ್ಕರೆ ಸಾಕು ಕಣಮ್ಮ. ಎಲ್ಲವನ್ನೂ ಹರಡಬೇಡಿ. ಒಂದೇ ಕೊಂಬೆಗೆ ಗುಂಪಾಗಿ ಕಟ್ಟಿ, ಆಗ ಕಾಣುತ್ತವೆ.

ತೋರಣದ ಲೆಕ್ಕ ಹೀಗಿದೆ. ತ್ರಿಕೋನ 20 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದ ಇರಲಿ. ಇದಕ್ಕಿಂತ ಚಿಕ್ಕದು ಬಯಲಿಗೆ ಆಗೋದಿಲ್ಲ. ನಡುವೆ 5 ಸೆಂ.ಮೀ. ಬಿಟ್ಟರೆ ಮೀಟರಿಗೆ 4 ಬಾವುಟ. ಹತ್ತು ಮೀಟರಿನ ಆರು ಸಾಲಿಗೆ 240. ಕೇಳಿ ಗಾಬರಿ ಆಗಬೇಡಿ. 110 ಸೆಂ.ಮೀ. ಪನ್ನದ (ಅಂದರೆ ಅಗಲದ) ಬಟ್ಟೆಯನ್ನು 25 ಸೆಂ.ಮೀ. ಪಟ್ಟಿಯಾಗಿ ಸೀಳಿ. ಒಂದು ತ್ರಿಕೋನ ನೇರ, ಪಕ್ಕದ್ದು ತಲೆಕೆಳಗು, ಹೀಗೆ ಗುರುತು ಹಾಕಿದರೆ ಒಂದು ಪಟ್ಟಿಯಲ್ಲಿ 10 ಬರುತ್ತವೆ. ಮೀಟರ್ ಬಟ್ಟೆಗೆ 40. ಒಟ್ಟು ಆರು ಮೀಟರ್ ಬಟ್ಟೆ, ಅಷ್ಟೇ. ನಾಲ್ಕು ಪದರ ಮಡಚಿ ಒಟ್ಟಿಗೆ ಕತ್ತರಿಸಿದರೆ ಒಂದು ಬೆಳಗ್ಗೆಯ ಕೆಲಸ.

ಅಂಚು ಮಡಚಿ ಹೊಲಿಯೋಕೆ ಹೋಗಬೇಡಿ, ಯಾರೂ ಹತ್ತಿರ ಬಂದು ನೋಡುವುದಿಲ್ಲ. ಹಲ್ಲುಹಲ್ಲಾಗಿ ಕತ್ತರಿಸುವ ಕತ್ತರಿ ಬರುತ್ತದಲ್ಲ, ಅದರಲ್ಲಿ ಕತ್ತರಿಸಿದರೆ ದಾರ ಬಿಚ್ಚಿಕೊಳ್ಳುವುದು ಕಡಿಮೆ. ಮೇಲೆ ಒಂದು ಬಟ್ಟೆಯ ಪಟ್ಟಿ ಮಡಚಿ, ಅದರ ಬಾಯಲ್ಲಿ ಬಾವುಟ ಕಚ್ಚಿಸಿ, ಒಂದೇ ನೇರ ಹೊಲಿಗೆ ಓಡಿಸಿ. ಎರಡು ತುದಿಯಲ್ಲೂ ಒಂದೂವರೆ ಮೀಟರ್ ಬರೀ ಪಟ್ಟಿ ಬಿಡಿ. ಮರಕ್ಕೆ ಸುತ್ತಲು ಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ.

ಇಳಿಬೀಳುವುದಕ್ಕೆ ಎಷ್ಟು ಜಾಸ್ತಿ ಬಿಡಬೇಕು ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಹತ್ತು ಮೀಟರ್ ನಡುವೆ ಒಂದು ಮೀಟರ್ ಇಳಿಬೀಳಬೇಕಾದರೂ ಹೆಚ್ಚಿಗೆ ಬೇಕಾಗುವುದು ಸುಮಾರು 27 ಸೆಂ.ಮೀ. ಮಾತ್ರ. ನಂಬಿಕೆ ಬರದಿದ್ದರೆ ದಾರ ಕಟ್ಟಿ ನೋಡಿ.

ಏಣಿ ಹಿಡಿಯುವವ:
ಕಟ್ಟುವ ವಿಷಯಕ್ಕೆ ನಾನೊಬ್ಬ ಸೇರಿಕೊಳ್ಳುತ್ತೇನೆ. ಮರಕ್ಕೆ ಮೊಳೆ ಹೊಡೆಯಬೇಡಿ. ಅಗಲವಾದ ಬಟ್ಟೆಪಟ್ಟಿ ಸುತ್ತಿ, ಅದಕ್ಕೆ ತೋರಣ ಕಟ್ಟಿ. ಗಂಟು ಎಳೆದರೆ ಬಿಚ್ಚುವಂಥದ್ದಾಗಿರಲಿ. ರಾತ್ರಿ ಕತ್ತಲಲ್ಲಿ, ಸುಸ್ತಾಗಿರುವಾಗ, ಏಣಿಯ ಮೇಲೆ ನಿಂತು ಬಿಗಿಗಂಟು ಬಿಚ್ಚುವವನ ಕಷ್ಟ ಯಾರಿಗೂ ಬೇಡ. ನಾನು ಬಿಚ್ಚಿದ್ದೇನೆ. ಹಲ್ಲಲ್ಲಿ.

ನೆಲದಲ್ಲಿ ಕಂಬ ನಿಲ್ಲಿಸುವುದಾದರೆ 20 ಲೀಟರಿನ ನೀರಿನ ಕ್ಯಾನ್ ಪ್ರತಿ ಕಂಬದ ಬುಡಕ್ಕೆ ಎರಡೆರಡು ಕಟ್ಟಿ. ತರುವಾಗ ಖಾಲಿ, ಅಲ್ಲಿ ತುಂಬಿದರೆ ಒಂದೊಂದೂ 20 ಕೆ.ಜಿ. ಮರಳಿನ ಚೀಲ ಹೊರುವುದಕ್ಕಿಂತ ವಾಸಿ. ಕೊನೆಗೆ ಆ ನೀರು ಗಿಡಕ್ಕೂ ಆಗುತ್ತದೆ.

ಸುಮ್ನೆ ಓದುವವಳು:
ಒಂದು ಖಾರದ ಮಾತು ಹೇಳಲಾ? "ಎಲ್ಲ ಮನೆಯಲ್ಲೇ ಮಾಡಿದ್ವಿ" ಅನ್ನುವ ಮದುವೆಗಳಲ್ಲಿ ಮಾಡಿದವರು ಯಾರು ಅಂತ ಕೇಳಿ ನೋಡಿ. ಅಮ್ಮ, ಚಿಕ್ಕಮ್ಮ, ಅತ್ತಿಗೆ. ಗಂಡಸರು ಕೊನೇ ದಿನ ಬಂದು ಏಣಿ ಹಿಡಿದು ಫೋಟೋಗೆ ನಿಲ್ಲುತ್ತಾರೆ. ನಮ್ಮ ಮನೆಯಲ್ಲಿ ಅಮ್ಮ ಮದುವೆಯ ದಿನ ಬೆಳಗಿನ ಜಾವ 3ಕ್ಕೆ ಎದ್ದು ಹೂ ಕಟ್ಟುತ್ತಿದ್ದಳು. ಸಂಜೆ ಕುರ್ಚಿಯಲ್ಲೇ ನಿದ್ದೆ ಹೋದಳು. ಆರಾಮದ ಮದುವೆ ಅಂದರೆ ಯಾರಿಗೆ ಆರಾಮ, ಅದನ್ನೂ ಸ್ವಲ್ಪ ಯೋಚಿಸಿ.

ಏಣಿ ಹಿಡಿಯುವವ:
ನಾನು ಫೋಟೋಗೆ ನಿಲ್ಲುವುದಿಲ್ಲ. ಹೆಸರು ನೋಡಿ ಹೊಡೆದ ಹಾಗಿದೆ.

ಸುಮ್ನೆ ಓದುವವಳು:
ನಿಮಗಲ್ಲ ಅಣ್ಣ, ಸಿಟ್ಟಾಗಬೇಡಿ.

ಗುಬ್ಬಿಗೂಡು:
ಅವರು ಹೇಳಿದ್ದರಲ್ಲಿ ಸತ್ಯ ಇದೆ. ನಾವು ಒಂದು ಕಟ್ಟು ಹಾಕಿಕೊಂಡಿದ್ದೆವು: ಮದುವೆಗೆ ಹತ್ತು ದಿನ ಇರುವಾಗ ಕತ್ತರಿ, ಅಂಟು, ಬಣ್ಣ ಎಲ್ಲ ಡಬ್ಬಿಗೆ. ಅಷ್ಟರೊಳಗೆ ಮುಗಿಯದೇ ಇದ್ದದ್ದು ಇಲ್ಲ ಅಂತಲೇ ಲೆಕ್ಕ. ಹೀಗಾಗಿ ದಾರಿಯ ಎರಡೂ ಬದಿ ಇಡಬೇಕಿದ್ದ ಗಾಳಿಚಕ್ರಗಳು ಒಂದು ಬದಿಗೆ ಮಾತ್ರ ಆದವು. ಯಾರೂ ಕೇಳಲಿಲ್ಲ.

ಮರದಡಿ ಮದುವೆ:
ಅಮ್ಮನಿಗೆ ಈ ಮಾತು ಓದಿ ಹೇಳಿದೆ. "ನಾನು ಯಾವಾಗ ಒಪ್ಪಿಕೊಂಡೆ?" ಅಂದಳು. ಹೌದಲ್ವಾ, ನಾನು ಕೇಳಿಯೇ ಇರಲಿಲ್ಲ. ಪಟ್ಟಿಯಿಂದ ಅಮ್ಮನ ಹೆಸರು ತೆಗೆದಿದ್ದೇನೆ. ಅದಾದ ಮೇಲೆ ತಾನಾಗಿಯೇ ಬಂದು ಬಟ್ಟೆ ಆರಿಸೋಕೆ ಕೂತಳು, ಅದು ಬೇರೆ ಮಾತು.

ಅಂಗಡಿಯ ಹೊಸ ಬಟ್ಟೆ ಬಿಟ್ಟು ಎರಡೂ ಮನೆಯ ಹಳೇ ಬಟ್ಟೆಯಲ್ಲೇ ಬಾವುಟ ಮಾಡೋಣ ಅಂತಾಯಿತು. ಅವನ ಅಜ್ಜನ ನೀಲಿ ಗೀಟಿನ ಶರ್ಟು, ನನ್ನ ಶಾಲೆಯ ಕಾಲದ ಹಳದಿ ಫ್ರಾಕು, ಯಾರದ್ದೋ ಕೆಂಪು ಮೇಜುಬಟ್ಟೆ. ಶರ್ಟಿನಲ್ಲಿ ಒಂದು ಬಾವುಟಕ್ಕೆ ಜೇಬು ಹಾಗೇ ಉಳಿದಿದೆ, ಗುಂಡಿ ಸಮೇತ. ಜೇಬಿನ ಮೂಲೆಯಲ್ಲಿ ಪೆನ್ನಿನ ಮಸಿ ಕಲೆ. ತಂಗಿ ಅದನ್ನು ಕತ್ತರಿಸಿ ಎಸೆಯೋಣ ಅಂದಳು, ಅವನು ಬಿಡಲಿಲ್ಲ.

ಒಂದು ಎಡವಟ್ಟೂ ಆಯಿತು. ಬಿಳಿ ಬೆಡ್‌ಶೀಟನ್ನು ಅರಿಶಿನದ ನೀರಲ್ಲಿ ಕುದಿಸಿದೆ. ಚೆಂದದ ಹಳದಿ ಬಂತು. ಸೋಪಲ್ಲಿ ಜಾಲಾಡಿದ್ದೇ ತಡ, ಅಲ್ಲಲ್ಲಿ ಇಟ್ಟಿಗೆ ಕೆಂಪು! ಏನು ಮಾಡಲಿ?

ಬಣ್ಣದ ಡಬ್ಬಿ:
ಏನೂ ಕೆಟ್ಟಿಲ್ಲ. ಅರಿಶಿನ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಸೋಪಿನಲ್ಲಿ ಕ್ಷಾರ ಇದೆ. ನಿಂಬೆರಸವನ್ನೋ ವಿನೆಗರನ್ನೋ ನೀರಿಗೆ ಹಾಕಿ ಅದರಲ್ಲಿ ಅದ್ದಿ, ಮತ್ತೆ ಹಳದಿಗೆ ಬರುತ್ತದೆ. ಇನ್ನೊಂದು, ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಹಾರುತ್ತದೆ. ನೆರಳಲ್ಲಿ ಒಣಗಿಸಿ, ಮದುವೆಯ ತನಕ ಕಪಾಟಲ್ಲೇ ಇಡಿ. ಒಂದು ಸಂಜೆಗೆ ಏನೂ ಆಗುವುದಿಲ್ಲ.

ಬಣ್ಣದ ಮಾತು ಬಂದಿದ್ದಕ್ಕೆ ಇನ್ನೂ ಸ್ವಲ್ಪ ಕೊರೆಯುತ್ತೇನೆ. ಬಟ್ಟೆಗೆ ಬಣ್ಣ ಹಾಕುವುದೇ ನನ್ನ ಕೆಲಸ. ಫ್ರಾನ್ಸಿನಲ್ಲಿ ಶೆವ್ರೆಲ್ ಅಂತ ಒಬ್ಬ ರಸಾಯನಶಾಸ್ತ್ರಜ್ಞ ಇದ್ದ. ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ಅವನ ಕೈಯಲ್ಲಿತ್ತು. ನಿಮ್ಮ ಕಪ್ಪು ನೂಲು ಮಂಕಾಗಿದೆ ಅಂತ ದೂರು ಬರುತ್ತಿತ್ತು. ಪರೀಕ್ಷೆ ಮಾಡಿದರೆ ನೂಲಿನಲ್ಲಿ ತಪ್ಪಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣದಿಂದ ಅದು ಹಾಗೆ ಕಾಣುತ್ತಿತ್ತು. 1839ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ನಮಗೆ ಬೇಕಾದದ್ದು ಇಷ್ಟು: ಯಾವ ಬಣ್ಣವೂ ಒಂಟಿಯಾಗಿ ಕಾಣುವುದಿಲ್ಲ. ನಿಮ್ಮ ಬಯಲಿನ ತುಂಬ ಹಸಿರು. ಅದರ ಎದುರು ಕೆಂಪು, ಗುಲಾಬಿ ಎದ್ದು ಕಾಣುತ್ತವೆ. ಹಸಿರು ಬಾವುಟ ಮರದಲ್ಲೇ ಕರಗಿಹೋಗುತ್ತದೆ, ಅದನ್ನು ಕತ್ತರಿಸುವ ಶ್ರಮ ಉಳಿಸಿ. ಹಳೇ ಬಟ್ಟೆ ಅಂದಮೇಲೆ ನೂರೆಂಟು ಬಣ್ಣ ಇರುತ್ತದೆ. ಎಲ್ಲ ಸಾಲಿನಲ್ಲೂ ಐದು ಬಾವುಟಕ್ಕೊಮ್ಮೆ ಒಂದೇ ಹಳದಿ ಬರುವ ಹಾಗೆ ಹೊಲಿಯಿರಿ. ಆಗ ಉಳಿದದ್ದು ಹೇಗಿದ್ದರೂ ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ.

ಮಿನುಗು:
ಡಬ್ಬಿಯವರು ಹಗಲಿನ ಬಣ್ಣ ಹೇಳಿದರು. ಇವರ ಮದುವೆ 8ರ ತನಕ ಇದೆ, ಅಲ್ವಾ? ಮುಸ್ಸಂಜೆಯ ಕಥೆಯೇ ಬೇರೆ.

ಬೆಳಕು ಕಡಿಮೆಯಾದ ಹಾಗೆ ನಮ್ಮ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ. ನೀಲಿ ಇನ್ನೂ ಸ್ವಲ್ಪ ಹೊತ್ತು ಬೆಳಗುತ್ತದೆ. ಇದಕ್ಕೆ ಪುರ್ಕಿನ್ಯೆ ಪರಿಣಾಮ ಅಂತ ಹೆಸರಿದೆ. ಹಗಲಲ್ಲಿ ಕೆಂಪು ಹೂ ನೀಲಿಗಿಂತ ಹೊಳೆಯುತ್ತದೆ, ಮುಸ್ಸಂಜೆಗೆ ತಿರುಗುಮುರುಗು. ಅಂಗಳದ ಗುಲಾಬಿಯನ್ನು ಒಂದು ಸಂಜೆ ಕೂತು ನೋಡಿ, ಗೊತ್ತಾಗುತ್ತದೆ. ಹಾಗಾಗಿ ಕೆಂಪು, ಕಿತ್ತಳೆ ಇರುವ ಕಡೆಗೆ ದೀಪದ ಸರ ಹತ್ತಿರ ಹಾಕಿ. ಬಿಳಿ, ತಿಳಿಹಳದಿ, ನೀಲಿ ತಮ್ಮಷ್ಟಕ್ಕೆ ನೋಡಿಕೊಳ್ಳುತ್ತವೆ.

ಸೋಲಾರ್ ದೀಪ ನಂಬಬೇಡಿ. ಮರದ ನೆರಳಲ್ಲಿ ಕಟ್ಟಿದರೆ ಹಗಲೆಲ್ಲ ಚಾರ್ಜೇ ಆಗಿರುವುದಿಲ್ಲ. ಬ್ಯಾಟರಿಯ ಎಲ್‌ಇಡಿ ಸರ ಸಾಕು. ತಂತಿ ಎಳೆಯುವುದಾದರೆ ಎಕ್ಸ್‌ಟೆನ್ಷನ್ ಬೋರ್ಡಿನ ಸುರುಳಿಯನ್ನು ಪೂರ್ತಿ ಬಿಚ್ಚಿ. ಸುತ್ತಿದ ಹಾಗೇ ಜಾಸ್ತಿ ಹೊತ್ತು ಬಳಸಿದರೆ ಒಳಗೆ ಬಿಸಿಯಾಗಿ ಕರಗುತ್ತದೆ. ತಂತಿಯ ಜೋಡಣೆ ಯಾವುದೂ ಹುಲ್ಲಿನ ಮೇಲೆ ಬಿದ್ದಿರಬಾರದು, ರಾತ್ರಿ ಹುಲ್ಲು ಒದ್ದೆಯಾಗುತ್ತದೆ. ಬಣ್ಣ ಬಳಿದ ಬಾಟಲಿಯ ಬದಲು ಬಣ್ಣವಿಲ್ಲದ ಅಗಲಬಾಯಿಯ ಜಾಡಿ ತೆಗೆದುಕೊಳ್ಳಿ. ತಳಕ್ಕೆ ಎರಡು ಬೆರಳು ಮರಳು, ಮೇಲೆ ಮೇಣದಬತ್ತಿ. ಗಾಳಿಗೆ ಉರುಳುವುದಿಲ್ಲ, ಆರುವುದೂ ಕಡಿಮೆ. ಕಾಗದದ ಚೀಲದೊಳಗೆ ಮಾತ್ರ ಮೇಣದಬತ್ತಿ ಬೇಡ, ಅಲ್ಲಿ ಬ್ಯಾಟರಿ ದೀಪವೇ ಇರಲಿ.

ಹೂಬುಟ್ಟಿ:
ಹೂವಿನ ಬಾಗಿಲು ಇನ್ನೂ ಪಟ್ಟಿಯಲ್ಲಿದೆಯಾ? ಇಡೀ ಬಾಗಿಲಿಗೆ ಹೂ ಬೇಕಿಲ್ಲ. ಎಡಗಡೆ ಮೇಲಿನ ಮೂಲೆಗೆ ಒಂದು ದಪ್ಪ ಗೊಂಚಲು, ಬಲಗಡೆ ಬುಡಕ್ಕೆ ಒಂದು ಸಣ್ಣದು. ನಡುವೆ ಬಟ್ಟೆಯ ರಿಬ್ಬನ್ ಇಳಿಬಿಡಿ. ಗಾಳಿ ಬಂದರೆ ರಿಬ್ಬನ್ನಿಗೇ ಚೆಂದ.

ಹೂವನ್ನು ಹಿಂದಿನ ಸಂಜೆ ತನ್ನಿ. ದಂಟನ್ನು ಓರೆಯಾಗಿ ಕತ್ತರಿಸಿ, ನೀರಲ್ಲಿ ಮುಳುಗುವ ಎಲೆ ಕಿತ್ತು, ಇಡೀ ರಾತ್ರಿ ಬಕೆಟ್ಟಿನಲ್ಲಿ ತಣ್ಣನೆಯ ಕತ್ತಲೆ ಮೂಲೆಯಲ್ಲಿ ಇಡಿ. ಅದೇ ಕೋಣೆಯಲ್ಲಿ ಮಾಗಿದ ಹಣ್ಣಿನ ಬುಟ್ಟಿ ಇಡಬೇಡಿ. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಹೂವು ಬೇಗ ಮುದುಡುತ್ತದೆ. ಚೆಂಡುಹೂ ನೀರಿಲ್ಲದೆಯೂ ಒಂದು ದಿನ ತಾಳುತ್ತದೆ. ಹೈಡ್ರೇಂಜಿಯಾ ಒಂದು ಗಂಟೆಯಲ್ಲೇ ತಲೆಬಾಗಬಹುದು.

ಮೇಲೆ ಎರಚುವುದಕ್ಕೆ ಮಿನುಗುಚೂರು ತರಬೇಡಿ, ಅದು ಪ್ಲಾಸ್ಟಿಕ್ಕು, ಹುಲ್ಲಿನಿಂದ ಹೋಗುವುದೇ ಇಲ್ಲ. ಉದುರಿದ ಒಣ ಎಲೆಗೆ ಕಾಗದದ ಪಂಚಿಂಗ್ ಮಿಷನ್ ಒತ್ತಿ. ದುಂಡು ದುಂಡು ಚೂರು ಬರುತ್ತದೆ, ಹಳದಿ, ಕಂದು, ಕೆಂಪು. ಮಕ್ಕಳಿಗೆ ಕೊಟ್ಟರೆ ಒಂದು ಮಧ್ಯಾಹ್ನ ಮನೆ ಸದ್ದಿಲ್ಲದೆ ಇರುತ್ತದೆ.

ಗುಬ್ಬಿಗೂಡು:
ಪಂಚಿಂಗ್ ಮಿಷನ್ನಿನ ಸದ್ದು ಬಿಟ್ಟು.

ಸೌಂಡ್ ಬಾಕ್ಸ್:
ಅಲಂಕಾರದ ಮಧ್ಯೆ ತಲೆ ಹಾಕಿದ್ದಕ್ಕೆ ಕ್ಷಮೆ ಇರಲಿ. ಬಯಲಿನ ಮದುವೆಯಲ್ಲಿ ಹಿಂದಿನ ಸಾಲಿನವರು ಮೊಬೈಲ್ ತೆಗೆಯುವುದು ಬೇಜಾರಿಗಲ್ಲ, ಕೇಳಿಸುವುದಿಲ್ಲ ಅಂತ. ಗೋಡೆ ಇಲ್ಲದ ಕಡೆ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ ಬೀಳುತ್ತದೆ. ಮುಂದೆ ಒಂದು ದೊಡ್ಡ ಸ್ಪೀಕರ್ ಇಟ್ಟರೆ ಮೊದಲ ಸಾಲಿನವರ ಕಿವಿ ಹರಿಯುತ್ತದೆ, ಕೊನೆಯವರಿಗೆ ಏನೂ ಇಲ್ಲ. ಎರಡು ಸಣ್ಣವನ್ನು ಜನರ ಇಬ್ಬದಿಗೆ, ನಡುಮಧ್ಯಕ್ಕೆ ಇಡಿ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ. ಮರೆತು ಬಂದರೆ ಒಗೆದ ಕಾಲುಚೀಲವೂ ನಡೆಯುತ್ತದೆ, ನಾನು ಹಾಕಿದ್ದೇನೆ. ವರನ ಕಾಲುಚೀಲವೇ.

ಮರದಡಿ ಮದುವೆ:
ಇವತ್ತು ಬೆಳಗ್ಗೆಯಿಂದ ನಕ್ಕಿದ್ದೇ ನಕ್ಕಿದ್ದು. ಅವನು ಆಗಲೇ ಕಾಲುಚೀಲ ಬಚ್ಚಿಟ್ಟಿದ್ದಾನೆ.

ನಿನ್ನೆ ಬಯಲಿಗೆ ಹೋಗಿದ್ದೆವು, ಬೇಕಂತಲೇ ಸಂಜೆ 4ಕ್ಕೆ. ಒಂದು ಸಾಲು ತೋರಣ ಕಟ್ಟಿ, ನಾಲ್ಕು ಕುರ್ಚಿ ಹಾಕಿ ಕೂತೆವು. ಐದು ನಿಮಿಷ ಆಗಿಲ್ಲ, ತಂಗಿ ಹಣೆಗೆ ಕೈ ಹಿಡಿದಳು. ಜನ ಕೂರುವುದು ಪಶ್ಚಿಮಕ್ಕೆ ಮುಖ ಮಾಡಿ ಅಂತ ಹಾಕಿಕೊಂಡಿದ್ದೆವು, ಸೂರ್ಯ ನೇರ ಕಣ್ಣಿಗೆ. ತಿರುಗಿಸಿದರೆ ನಾವಿಬ್ಬರೂ ಕಣ್ಣು ಮುಚ್ಚಿ ನಿಲ್ಲಬೇಕು. ಕೊನೆಗೆ ಎಲ್ಲವನ್ನೂ ಉತ್ತರ ದಕ್ಷಿಣವಾಗಿ ತಿರುಗಿಸಿ, ಬಿಸಿಲು ಪಕ್ಕದಿಂದ ಬರುವ ಹಾಗೆ ಮಾಡಿದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ ನೆರಳು ನಮ್ಮ ಕುರ್ಚಿಗಳನ್ನು ದಾಟಿ ಮುಂದೆ ಹೋಗಿತ್ತು!

ಹುಲ್ಲಲ್ಲಿ ನನ್ನ ಹೈಹೀಲ್ಸ್ ಕುಸಿದು ಎರಡು ಸಲ ಮುಗ್ಗರಿಸಿದೆ. ಕರೆಯೋಲೆಯಲ್ಲೇ "ಚಪ್ಪಟೆ ಚಪ್ಪಲಿ ಹಾಕಿಕೊಂಡು ಬನ್ನಿ" ಅಂತ ಬರೆಯುತ್ತಿದ್ದೇವೆ.

ಏಣಿ ಹಿಡಿಯುವವ:
ಹೋಗಿ ಕೂತು ನೋಡಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಬೆಳಗ್ಗೆ ಹನ್ನೊಂದಕ್ಕೆ ಜಾಗ ನೋಡಿ ಬರುತ್ತಾರೆ, ಮದುವೆ ಸಂಜೆ ಇರುತ್ತದೆ. ಗಂಟೆಗೆ 15 ಡಿಗ್ರಿಯಂತೆ ಸೂರ್ಯ ಸರಿಯುತ್ತಿರುತ್ತಾನೆ. ಮಧ್ಯಾಹ್ನದ ಮೇಲೆ ಮರದ ನೆರಳು ಪೂರ್ವಕ್ಕೆ ಉದ್ದವಾಗುತ್ತದೆ. ಕುರ್ಚಿಯ ಗುಂಪನ್ನು ಇನ್ನೂ ಮೂರು ಮೀಟರ್ ಪೂರ್ವಕ್ಕೆ ಜರುಗಿಸಿಟ್ಟರೆ ನೆರಳೇ ಹುಡುಕಿಕೊಂಡು ಬರುತ್ತದೆ.

ಸುಮ್ನೆ ಓದುವವಳು:
ಮಳೆ ಬಂದರೆ?

ಮರದಡಿ ಮದುವೆ:
ಆ ಪ್ರಶ್ನೆ ಬರಬಾರದು ಅಂತ ಸುಮ್ಮನಿದ್ದೆ.

ಕೊಡೆ ಮರೆತವರು:
ಬರಲೇಬೇಕು ತಾಯಿ. ನಮ್ಮದರಲ್ಲಿ ಮಳೆಗಿಂತ ಜಾಸ್ತಿ ಕಾಡಿದ್ದು "ಈಗೇನು ಮಾಡೋಣ" ಅನ್ನುವ ಮೂರು ಗಂಟೆಯ ಮಾತು. ಮಾವ ಒಂದು ಹೇಳುತ್ತಾರೆ, ಅಪ್ಪ ಇನ್ನೊಂದು, ಶಾಮಿಯಾನದವರು ಫೋನೇ ಎತ್ತುವುದಿಲ್ಲ. ನೀವು ಈಗಲೇ ಎರಡು ವಿಷಯ ಗಟ್ಟಿ ಮಾಡಿ. ಯಾರು ಹೇಳಬೇಕು, ಎಷ್ಟು ಗಂಟೆಗೆ ಹೇಳಬೇಕು. ಅವತ್ತು ಬೆಳಗ್ಗೆ 9 ಅಂದರೆ 9. ಮೋಡ ಇದ್ದರೆ ಚಾವಣಿ ಇರುವ ಕಡೆಗೆ. ಆಮೇಲೆ ಬಿಸಿಲು ಬಂದರೂ ವಾಪಸ್ ಇಲ್ಲ. ಆ ಹೇಳುವವರು ಮಾತ್ರ ನೀವಿಬ್ಬರಲ್ಲದೆ ಬೇರೆ ಯಾರಾದರೂ ಆಗಿರಲಿ.

ಕ್ರೇಪ್ ಕಾಗದ ಎಲ್ಲಾದರೂ ಬಳಸಿದ್ದರೆ ತೆಗೆಯಿರಿ. ಒದ್ದೆಯಾದರೆ ಬಣ್ಣ ಬಿಡುತ್ತದೆ. ಮಳೆಯೇ ಬೇಕಂತಿಲ್ಲ, ಇಬ್ಬನಿ ಸಾಕು. ನಮ್ಮ ಭಾವನ ಬಿಳಿ ಶರ್ಟಿನ ಹೆಗಲ ಮೇಲೆ ನೇರಳೆ ಪಟ್ಟೆ ಬಂದಿತ್ತು, ಯಾವ ಸೋಪಿಗೂ ಹೋಗಲಿಲ್ಲ. ಕಾಗದದ್ದು ಏನೇ ಇದ್ದರೂ ಹಿಂದಿನ ರಾತ್ರಿ ಕಟ್ಟಬೇಡಿ, ಅವತ್ತು ಮಧ್ಯಾಹ್ನ ಕಟ್ಟಿ. ಬಟ್ಟೆಯದಕ್ಕೆ ಚಿಂತೆ ಇಲ್ಲ.

ಬಣ್ಣದ ಡಬ್ಬಿ:
ಗ್ಲೂ ಗನ್ನಿನಲ್ಲಿ ಅಂಟಿಸಿದ್ದನ್ನು ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಬಿಡಬೇಡಿ. ಅಂಟು ಮೆತ್ತಗಾಗಿ ಎಲ್ಲ ಕಳಚಿ ಬೀಳುತ್ತದೆ. ಮುಖ್ಯವಾದ ಕಡೆಗೆ ಎರಡು ಹೊಲಿಗೆ ಹಾಕಿಬಿಡಿ.

ಗುಬ್ಬಿಗೂಡು:
ಸೊಳ್ಳೆಗೆ ಎರಡು ದೊಡ್ಡ ಫ್ಯಾನ್ ಇಡಿ, ಕುರ್ಚಿಯ ಕಾಲಿನ ಮಟ್ಟಕ್ಕೆ ಗಾಳಿ ಬರುವ ಹಾಗೆ. ಸೊಳ್ಳೆಗೆ ಹಾರುವ ಶಕ್ತಿ ಕಡಿಮೆ, ಆ ಗಾಳಿಗೆ ನಿಲ್ಲುವುದಿಲ್ಲ. ಶೌಚಾಲಯದ ದಾರಿಗೂ ಒಂದು ದೀಪ ಇರಲಿ. ಇದು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

(ನಾಲ್ಕು ತಿಂಗಳ ನಂತರ)

ಮರದಡಿ ಮದುವೆ:
ಆಯಿತು! ಮೊನ್ನೆ ಮದುವೆ ಆಯಿತು. ಇವತ್ತು ಕೂತು ಬರೆಯುವಷ್ಟು ಬಿಡುವು ಸಿಕ್ಕಿದೆ.

ಮಳೆ ಬರಲಿಲ್ಲ. 9 ಗಂಟೆಗೆ ಮೋಡ ಇತ್ತು. ಹೇಳುವ ಕೆಲಸ ಅವನ ಅಕ್ಕನಿಗೆ ಕೊಟ್ಟಿದ್ದೆವು. ಅವಳು ಎರಡು ನಿಮಿಷ ಆಕಾಶ ನೋಡಿ "ಬಯಲಲ್ಲೇ" ಅಂದಳು. ಅಪ್ಪ ಬಾಯಿ ತೆರೆದರು, ಅಮ್ಮ ಕಣ್ಣು ಬಿಟ್ಟಳು, ಮುಚ್ಚಿದರು.

ತೋರಣ ಐದೇ ಸಾಲಾದವು. ಆರನೆಯದನ್ನು ಹೊಲಿಯುವ ಹೊತ್ತಿಗೆ ಹತ್ತು ದಿನದ ಗಡುವು ಬಂತು, ಮಿಷನ್ನಿಗೆ ಮುಸುಕು ಹಾಕಿದೆವು. ಒಂದು ಕಡೆ ಸ್ವಲ್ಪ ಬೋಳು ಕಾಣುತ್ತಿತ್ತು, ನಿಜ. ಅಲ್ಲಿಗೆ 140 ಕೊಕ್ಕರೆ ಕಟ್ಟಿದೆವು. ಹೆಸರಿನ ಚೀಟಿ ಬರೆಯಲೇ ಇಲ್ಲ, ಯಾರು ಎಲ್ಲಿ ಬೇಕಾದರೂ ಕೂತರು. ಕುರ್ಚಿಗಿಂತ ಚಾಪೆಯ ಮೇಲೆ ಜನ ಜಾಸ್ತಿ ಇದ್ದರು.

ಕೆಟ್ಟದ್ದೂ ಹೇಳಬೇಕಲ್ಲ. ಹೂವಿನ ಗೊಂಚಲನ್ನು ತಂತಿಯಲ್ಲಿ ಬಿಗಿದಿದ್ದು ಸಾಲದೆ ಮಾತುಕೊಡುವಾಗ ಪಕ್ಕಕ್ಕೆ ವಾಲಿತು. ತಂಗಿ ಹಿಂದೆ ನಿಂತು ಇಪ್ಪತ್ತು ನಿಮಿಷ ಕೈಯಲ್ಲಿ ಹಿಡಿದಿದ್ದಳು. ಫೋಟೋದಲ್ಲಿ ನನ್ನ ತಲೆಯ ಮೇಲೆ ಒಂದು ಕೈ ಇದೆ. ಕಂಬಕ್ಕೆ ಒಂದೇ ಕ್ಯಾನ್ ಕಟ್ಟಿದ್ದು ಗಾಳಿಗೆ ಓಲಾಡಿತು, ಓಡಿಹೋಗಿ ಎರಡನೆಯದು ತುಂಬಿಸಿದರು. ಮೈಕಿನ ಸ್ಪಂಜು ಮನೆಯಲ್ಲೇ ಉಳಿದಿತ್ತು. ಆಮೇಲೆ ಏನಾಯಿತು ಅಂತ ಸೌಂಡ್ ಬಾಕ್ಸ್ ಅವರಿಗೆ ಗೊತ್ತಿರಬೇಕು.

ಏಳು ಗಂಟೆಗೆ ಬೆಳಕು ಇಳಿಯುತ್ತಿದ್ದಾಗ ಬಣ್ಣದ ಡಬ್ಬಿಯವರ ಹಳದಿ, ಮಿನುಗು ಅವರ ನೀಲಿ ಎರಡೂ ನೆನಪಾಯಿತು. ಕೆಂಪು ಮೇಜುಬಟ್ಟೆಯ ಬಾವುಟಗಳು ನಿಜವಾಗಿಯೂ ಕಪ್ಪಾದವು. ಅಜ್ಜನ ಗೀಟಿನ ಶರ್ಟು ಮಾತ್ರ ಕಾಣುತ್ತಾ ಇತ್ತು. ಅಜ್ಜಿ ಅದರ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಜೇಬು ನೋಡಿ, "ಈ ಕಲೆ ತೆಗೆಯೋಕೆ ನಾನು ಎಷ್ಟು ಉಜ್ಜಿದ್ದೆ" ಅಂದರು.

ಅಮ್ಮ ನಿದ್ದೆ ಹೋಗಲಿಲ್ಲ. ಕುಣಿದಳು.

ಸುಮ್ನೆ ಓದುವವಳು:
ಇದನ್ನು ಓದೋಕೇ ಕಾಯುತ್ತಿದ್ದೆ.

ಸೌಂಡ್ ಬಾಕ್ಸ್:
ಒಗೆದಿದ್ದು ತಾನೇ?

ಮರದಡಿ ಮದುವೆ:
ಒಗೆದಿದ್ದೇ. ಹೊಸದೂ ಹೌದು.

ಹೊಸ ಸದಸ್ಯೆ:
ಅಕ್ಕ, ಇದೆಲ್ಲ ಮೊದಲಿಂದ ಓದಿದೆ. ನಮ್ಮದು ಇನ್ನು ಆರು ವಾರಕ್ಕೆ, ಅದೂ ಬಯಲಲ್ಲೇ. ಆ ತೋರಣ ಈಗ ಏನು ಮಾಡ್ತೀರಾ? ಕೇಳಬಹುದಾ?

ಮರದಡಿ ಮದುವೆ:
ಧಾರಾಳವಾಗಿ ಕೇಳು. ನಾಲ್ಕು ಸಾಲು ಒಗೆದು ಮಡಚಿಟ್ಟಿದ್ದೇನೆ, ತಗೊಂಡು ಹೋಗು. ಅರಿಶಿನದ ಹಳದಿಯನ್ನು ಬಿಸಿಲಿಗೆ ಹಾಕಬೇಡ, ಈಗಲೇ ಸ್ವಲ್ಪ ಮಾಸಿದೆ. ಶರ್ಟಿನ ಸಾಲು ಅಜ್ಜಿಯ ಕೋಣೆಯಲ್ಲಿದೆ, ಅದು ಬರೋದಿಲ್ಲ. ಆರನೆಯದರ ಬಾವುಟಗಳು ಕತ್ತರಿಸಿದ ಹಾಗೇ ಇವೆ, ನಲವತ್ತು. ಹೊಲಿಯೋಕೆ ಬರುತ್ತಾ ನಿನಗೆ?

ಹೊಲಿಗೆ ಮಿಷನ್:
ಬರದಿದ್ದರೆ ನನಗೆ ಕಳಿಸಿ.